ರಿಕವರಿ ಮೋಡ್‌ನಿಂದ ಸ್ನ್ಯಾಪ್‌ಶಾಟ್ ರಿಸ್ಟೋರ್ ಮಾಡಿದ್ರೂ ಲಿನಕ್ಸ್ ಮೇಲೇಳ್ತಿಲ್ಲ, ಏನ್ ಮಾಡೋದು?

ಪ್ರಶ್ನೆ: ಲಿನಕ್ಸ್ ಮಿಂಟ್ ಬಳಸ್ತಿದೀನಿ, ಇನ್‌ಸ್ಟಾಲ್ ಮಾಡುವಾಗ್ಲೇ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿದ್ದೆ. ಟೈಮ್‌ಶಿಫ್ಟ್ (ಸಿಸ್ಟಮ್ ಸ್ಥಿತಿಯನ್ನ ಉಳಿಸಿಡೋ ಪ್ರೋಗ್ರಾಂ) ತೆಗೆದ ಸ್ನ್ಯಾಪ್‌ಶಾಟ್‌ಗಳು, ಅಂದ್ರೆ ಆ ಹೊತ್ತಿನ ಸಿಸ್ಟಮ್‌ನ ಪ್ರತಿಗಳು, ಹೊರಗಿನ ಯುಎಸ್‌ಬಿ ಹಾರ್ಡ್‌ಡಿಸ್ಕ್‌ನಲ್ಲಿವೆ. ಮೊನ್ನೆ ಅಪ್‌ಡೇಟ್ ಆದ್ಮೇಲೆ ಲಾಗಿನ್ ಬರೋ ಜಾಗದಲ್ಲಿ ಬರೀ ಕಪ್ಪು ಸ್ಕ್ರೀನ್. ರಿಕವರಿ ಮೋಡ್‌ಗೆ ಹೋಗಿ ರೂಟ್ ಶೆಲ್‌ನಲ್ಲಿ ಟೈಮ್‌ಶಿಫ್ಟ್ ಕೊಟ್ರೆ ಮೊದ್ಲು ರೀಡ್ ಓನ್ಲಿ ಅಂತು, ಅದನ್ನ ಸರಿ ಮಾಡಿದ್ರೆ ಸ್ನ್ಯಾಪ್‌ಶಾಟೇ ಇಲ್ಲ ಅಂತು, ಡಿಸ್ಕ್ ಕಿತ್ತು ಮತ್ತೆ ಹಾಕಿ ಹೇಗೋ ರಿಸ್ಟೋರ್ ಮುಗಿಸಿದೆ. ಈಗ ಬೂಟ್ ಮಾಡಿದ್ರೆ ಪಾಸ್‌ವರ್ಡ್ ಕೇಳಿ ಡಿಸ್ಕ್ ತೆರೀತದೆ, ಆಮೇಲೆ ಎಮರ್ಜೆನ್ಸಿ ಮೋಡ್ ಅಂತ ನಿಂತ್ಬಿಡ್ತದೆ. ಲಾಗ್‌ನಲ್ಲಿ ಕೆಂಪಕ್ಷರದಲ್ಲಿ ಫ್ಯಾಟ್ ಎಫ್‌ಎಸ್, ಐಓ ಚಾರ್ಸೆಟ್ ಐಎಸ್‌ಓ 8859-1 ನಾಟ್ ಫೌಂಡ್ ಅಂತ ಒಂದು ಸಾಲಿದೆ. ಸ್ನ್ಯಾಪ್‌ಶಾಟ್ ಕೆಟ್ಟುಹೋಗಿದ್ಯಾ? ಎಲ್ಲಾ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡ್ಬೇಕಾ?

ಉತ್ತರ: ಬೇಡ, ಅಳಿಸೋದು ಬೇಡ. ನಿಮ್ಮ ಸ್ನ್ಯಾಪ್‌ಶಾಟ್ ಕೆಟ್ಟಿಲ್ಲ. ಆರ್‌ಸಿಂಕ್ ಮೋಡ್‌ನಲ್ಲಿ (ಫೈಲ್‌ಗಳನ್ನ ಕಾಪಿ ಮಾಡಿಡೋ ರೀತಿ) ರಿಸ್ಟೋರ್ ಅಂದ್ರೆ ಹೊರಗಿನ ಡಿಸ್ಕ್‌ನಲ್ಲಿರೋ ಫೈಲ್‌ಗಳನ್ನ ಓದಿ ನಿಮ್ಮ ಸಿಸ್ಟಮ್ ಡಿಸ್ಕ್ ಮೇಲೆ ಬರೆಯೋದು, ಅಷ್ಟೇ, ಓದೋ ಕಡೆ ಏನೂ ಬದಲಾಗಲ್ಲ, ಹಾಗಾಗಿ ಒಂದು ಸಲ ಎಡವಟ್ಟಾದ್ರೂ ಅದೇ ಸ್ನ್ಯಾಪ್‌ಶಾಟ್‌ನಿಂದ ಇನ್ನೊಂದ್ ಸಲ, ಮತ್ತೊಂದ್ ಸಲ ಮಾಡ್ಬೋದು. ಮಧ್ಯದಲ್ಲಿ ಕರೆಂಟ್ ಹೋಗಿ ನಿಂತಿದ್ರೂ ಇದೇ ಮಾತು.

ನೀವು ಆ ಕೆಂಪು ಸಾಲನ್ನ ಬರ್ಕೊಂಡಿದ್ದು ಒಳ್ಳೇದಾಯ್ತು, ರೋಗ ಏನಂತ ಅದೊಂದೇ ಹೇಳ್ತಿದೆ. ಓದಿದ್ರೆ ಫ್ಯಾಟ್ ಪಾರ್ಟಿಷನ್ ಹಾಳಾಗಿದೆ ಅನ್ಸತ್ತೆ, ಆದ್ರೆ ವಿಷಯ ಅದಲ್ಲ. ಮಷೀನ್ ಆನ್ ಆದಾಗ ಮೊದ್ಲು ಓದೋ ಇಎಫ್‌ಐ ಪಾರ್ಟಿಷನ್ ಇರೋದು ಫ್ಯಾಟ್ ಅನ್ನೋ ಫೈಲ್‌ಸಿಸ್ಟಮ್‌ನಲ್ಲಿ, ಅದನ್ನ ಮೌಂಟ್ ಮಾಡೋಕೆ (ಸಿಸ್ಟಮ್‌ಗೆ ಜೋಡಿಸೋಕೆ) ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಅಕ್ಷರಗಳ ಒಂದು ಪುಟ್ಟ ಮಾಡ್ಯೂಲ್ ಬೇಕು, ಅದು ಸಿಗ್ತಿಲ್ಲ. ಯಾಕೆ ಸಿಗ್ತಿಲ್ಲ ಅಂದ್ರೆ ಮಾಡ್ಯೂಲ್‌ಗಳಿರೋ ಫೋಲ್ಡರ್ರೇ ಇಲ್ಲ. ನೀವು ಗಮನಿಸಿದ್ರೆ ವೈಫೈ, ಸೌಂಡ್, ಟಚ್‌ಪ್ಯಾಡ್ ಕೂಡ ಇರಲ್ಲ, ಎಲ್ಲಾ ಒಂದೇ ಕಾರಣಕ್ಕೆ.

ಒಳಗೆ ಏನಾಗಿದೆ ನೋಡಿ. ಕರ್ನಲ್ ಅನ್ನೋದು ಸ್ಲ್ಯಾಶ್ ಬೂಟ್ ಒಳಗಿರೋ ವಿಎಂಲಿನಜ್ ಅನ್ನೋ ಫೈಲ್, ಅದರ ಡ್ರೈವರ್‌ಗಳು ಸ್ಲ್ಯಾಶ್ ಲಿಬ್ ಸ್ಲ್ಯಾಶ್ ಮಾಡ್ಯೂಲ್ಸ್ ಒಳಗೆ ಆಯಾ ವರ್ಷನ್ ಹೆಸರಿನ ಫೋಲ್ಡರ್‌ನಲ್ಲಿರತ್ತೆ. ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿ ಮಿಂಟ್ ಹಾಕಿದ್ರೆ ಬೂಟ್ ಅನ್ನೋದು ಬೇರೆ ಪಾರ್ಟಿಷನ್ ಆಗತ್ತೆ, ಅದು ಎನ್‌ಕ್ರಿಪ್ಟ್ ಆಗಿರಲ್ಲ, ಉಳಿದಿದ್ದೆಲ್ಲ ಬೀಗ ಹಾಕಿದ ರೂಟ್ (ಸಿಸ್ಟಮ್‌ನ ಮುಖ್ಯ ಪಾರ್ಟಿಷನ್) ಒಳಗೆ. ನೀವು ರಿಸ್ಟೋರ್ ಮಾಡಿದಾಗ ರೂಟ್ ಹಳೇದಾಯ್ತು, ಬೂಟ್ ಪಾರ್ಟಿಷನ್ ಮಾತ್ರ ಹೊಸದಾಗೇ ಉಳ್ಕೊಂಡಿತು. ಉದಾಹರಣೆಗೆ ಸ್ನ್ಯಾಪ್‌ಶಾಟ್‌ನಲ್ಲಿ 5.15.0-91 ಇತ್ತು, ಅಪ್‌ಡೇಟ್ ತಂದಿದ್ದು 5.15.0-94 ಅಂತಿಟ್ಕೊಳ್ಳಿ. ಯಾವ ಕರ್ನಲ್ ಬೂಟ್ ಮಾಡ್ಬೇಕು ಅಂತ ಆರಿಸೋ ಗ್ರಬ್ ಅನ್ನೋ ಪ್ರೋಗ್ರಾಂ ಸುಮ್ನೆ ದೊಡ್ಡ ನಂಬರ್ ಎತ್ಕೊಂಡು 94ನ್ನ ಬೂಟ್ ಮಾಡತ್ತೆ, ಅದರ ಜೊತೆಗಿರೋ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಶುರುವಿಗೆ ಬೇಕಾದ ಪುಟ್ಟ ಫೈಲ್‌ಸಿಸ್ಟಮ್) ಕೂಡ ಬೂಟ್ ಪಾರ್ಟಿಷನ್‌ನಲ್ಲೇ ಇರೋದ್ರಿಂದ ಪಾಸ್‌ವರ್ಡ್ ಕೇಳೋದು, ಡಿಸ್ಕ್ ತೆರೆಯೋದು ಎಲ್ಲಾ ಚೆನ್ನಾಗೇ ನಡೆಯತ್ತೆ, ಅಲ್ಲಿಂದ ಮುಂದೆ ರೂಟ್ ಒಳಗೆ ಕಾಲಿಟ್ಟು 94ರ ಮಾಡ್ಯೂಲ್ ಹುಡುಕಿದ್ರೆ ಅಲ್ಲಿ 91 ಮಾತ್ರ ಇದೆ. ಅಲ್ಲಿಗೆ ಗಾಡಿ ನಿಂತ್ಹೋಗತ್ತೆ. ನನ್ನ ಲ್ಯಾಪ್‌ಟಾಪ್‌ನಲ್ಲೂ ಒಂದ್ಸಲ ಇದೇ ಆಗಿತ್ತು, ಆ ಫ್ಯಾಟ್ ಸಾಲನ್ನ ನಂಬಿ ಇಎಫ್‌ಐ ಪಾರ್ಟಿಷನ್‌ಗೆ ಎಫ್‌ಎಸ್‌ಸಿಕೆ ಅನ್ನೋ ಡಿಸ್ಕ್ ರಿಪೇರಿ ಕಮಾಂಡ್ ಓಡಿಸ್ತಾ ಇಡೀ ಸಂಜೆ ಕೂತಿದ್ದೆ, ನೀವು ಆ ದಾರಿ ಹಿಡೀಬಾರ್ದು ಅಂತಲೇ ಇಷ್ಟು ಬಿಡಿಸಿ ಹೇಳ್ತಿದೀನಿ.

ಖಚಿತ ಮಾಡ್ಕೊಳ್ಳೋದು ಸುಲಭ. ಎಮರ್ಜೆನ್ಸಿ ಮೋಡ್‌ನಲ್ಲಿ ಎಂಟರ್ ಒತ್ತಿದ್ರೆ ಶೆಲ್ ಸಿಗತ್ತೆ. ಅಂದಹಾಗೆ ಕಮಾಂಡ್‌ಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೀತಿದೀನಿ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ, ನಾನು ದೊಡ್ಡಕ್ಷರ ಅಂತ ಹೇಳಿದ್ರೆ ಮಾತ್ರ ದೊಡ್ಡದು. ಈಗ ಯುನೇಮ್ -ಆರ್ ಅಂತ ಕೊಡಿ, ಈಗ ಓಡ್ತಿರೋ ಕರ್ನಲ್ ನಂಬರ್ ಬರತ್ತೆ. ಆಮೇಲೆ ಎಲ್‌ಎಸ್ /ಲಿಬ್/ಮಾಡ್ಯೂಲ್ಸ್ ಕೊಡಿ. ಮೊದಲನೇ ನಂಬರ್ ಎರಡನೇ ಪಟ್ಟಿಯಲ್ಲಿ ಇಲ್ಲ ಅಂದ್ರೆ ನಾನು ಹೇಳಿದ್ದೇ ಕಾರಣ.

ಈಗ ಮೊದಲನೇ ಪರಿಹಾರ, ಎರಡು ನಿಮಿಷದ್ದು. ರೀಬೂಟ್ ಮಾಡಿ ಗ್ರಬ್ ಮೆನು ತರಿಸಿ, ಯುಇಎಫ್‌ಐ ಮಷೀನ್ ಆದ್ರೆ ಕಂಪನಿ ಲೋಗೋ ಹೋಗ್ತಿದ್ದಂಗೆ ಎಸ್ಕೇಪ್ ಕೀ ಒಂದೇ ಸಲ ಒತ್ತಿ, ಹಳೇ ಬಯೋಸ್ ಆದ್ರೆ ಶಿಫ್ಟ್ ಹಿಡ್ಕೊಂಡಿರಿ. ಎಸ್ಕೇಪನ್ನ ಪಟಪಟ ಅಂತ ಒತ್ಬಿಟ್ರೆ ಮೆನು ದಾಟಿ ಗ್ರಬ್ ಅಂತ ಖಾಲಿ ಪ್ರಾಂಪ್ಟ್‌ಗೆ ಬೀಳ್ತೀರ, ಎಷ್ಟೋ ಜನ ಅಲ್ಲೇ ಸಿಸ್ಟಮ್ ಹೋಯ್ತು ಅನ್ಕೊಂಡು ಹೆದರ್ತಾರೆ, ಆದ್ರೆ ಅಲ್ಲಿ ನಾರ್ಮಲ್ ಅಂತ ಟೈಪ್ ಮಾಡಿ ಎಂಟರ್ ಕೊಟ್ರೆ ವಾಪಸ್ ಬರ್ಬೋದು. ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋದ್ರೆ ಇರೋ ಕರ್ನಲ್‌ಗಳೆಲ್ಲ ಕಾಣತ್ತೆ, ಪ್ರತಿಯೊಂದಕ್ಕೂ ಎರಡೆರಡು ಸಾಲು, ಒಂದು ಮಾಮೂಲಿ, ಇನ್ನೊಂದು ರಿಕವರಿ ಮೋಡ್‌ದು. ಮಾಡ್ಯೂಲ್ಸ್ ಪಟ್ಟಿಯಲ್ಲಿ ನೋಡಿದ ಹಳೇ ನಂಬರ್ ಇಲ್ಲಿದ್ರೆ ಅದರ ಮಾಮೂಲಿ ಸಾಲನ್ನೇ ಆರಿಸಿ. ಸಾಮಾನ್ಯವಾಗಿ ಅಪ್‌ಡೇಟ್ ಆದಾಗ ಹಿಂದಿನ ಕರ್ನಲ್ ಅಲ್ಲೇ ಇರತ್ತೆ, ಹಾಗಾಗಿ ಬಹಳಷ್ಟು ಸಲ ಇಷ್ಟಕ್ಕೇ ಡೆಸ್ಕ್‌ಟಾಪ್, ವೈಫೈ ಎಲ್ಲಾ ಮೊದಲಿನ ಹಾಗೇ ಬಂದ್ಬಿಡತ್ತೆ.

ಬಂತು ಅಂದ್ರೆ ಅಲ್ಲಿಗೇ ಬಿಡ್ಬೇಡಿ, ಯಾಕಂದ್ರೆ ಮುಂದಿನ ಬೂಟ್‌ನಲ್ಲಿ ಗ್ರಬ್ ಮತ್ತೆ ಹೊಸ ನಂಬರನ್ನೇ ಎತ್ಕೊಳ್ಳತ್ತೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಯಾವ ಪ್ಯಾಕೇಜ್ ಇದೆ ಯಾವುದಿಲ್ಲ ಅನ್ನೋ ಡಿಪಿಕೆಜಿಯ ಲೆಕ್ಕದ ಪುಸ್ತಕ ಇರೋದು ರೂಟ್ ಒಳಗೆ, ಅದೂ ಹಳೇದಾಗಿದೆ, ಅಂದ್ರೆ ಸಿಸ್ಟಮ್ ಪ್ರಕಾರ ಹೊಸ ಕರ್ನಲ್ ಇನ್‌ಸ್ಟಾಲೇ ಆಗಿಲ್ಲ, ಆದ್ರೆ ಅದರ ಫೈಲ್‌ಗಳು ಬೂಟ್ ಪಾರ್ಟಿಷನ್‌ನಲ್ಲಿ ದಿಕ್ಕಿಲ್ಲದೆ ಬಿದ್ದಿವೆ. ಎಪಿಟಿ ರಿಮೂವ್ ಕೊಟ್ರೆ ಇಲ್ಲ ಅನ್ನತ್ತೆ. ಮೊದ್ಲು ಎಲ್‌ಎಸ್‌ಬಿಎಲ್‌ಕೆ ಕೊಟ್ಟು ಬೂಟ್ ಪಾರ್ಟಿಷನ್ ನಿಜವಾಗ್ಲೂ /ಬೂಟ್ ಮೇಲೆ ಮೌಂಟ್ ಆಗಿದ್ಯಾ ನೋಡಿ. ಆಗಿದ್ರೆ ಆ ಹೊಸ ನಂಬರ್ ಇರೋ ವಿಎಂಲಿನಜ್, ಇನಿಟ್ಆರ್‌ಡಿ, ಕಾನ್ಫಿಗ್ ಮತ್ತು ಸಿಸ್ಟಮ್ ಮ್ಯಾಪ್ (ಇದರ ಮೊದಲ ಎಸ್ ದೊಡ್ಡಕ್ಷರ) ಫೈಲ್‌ಗಳನ್ನ ಹೋಮ್‌ನಲ್ಲಿ ಒಂದು ಫೋಲ್ಡರ್ ಮಾಡಿ ಅದಕ್ಕೆ ಸರಿಸಿ, ಡಿಲೀಟ್ ಮಾಡ್ಬೇಡಿ, ಸರಿಸಿದ್ರೆ ಸಾಕು. ಆಮೇಲೆ ಸುಡೋ ಅಪ್‌ಡೇಟ್-ಗ್ರಬ್ ಕೊಡಿ, ಅದು ಹೇಳೋ ಪಟ್ಟಿಯಲ್ಲಿ ಹಳೇ ಕರ್ನಲ್ ಮಾತ್ರ ಇದ್ರೆ ಕೆಲಸ ಆಯ್ತು. ಕಪ್ಪು ಸ್ಕ್ರೀನ್ ಕೊಟ್ಟಿದ್ದು ಆ ಅಪ್‌ಡೇಟೇ ಆದ್ರಿಂದ ಮುಂದಿನ ಸಲ ಅಪ್‌ಡೇಟ್ ಮ್ಯಾನೇಜರ್ ಮತ್ತೆ ಅದೇ ಕರ್ನಲ್ ತೋರಿಸಿದಾಗ ತಕ್ಷಣ ಒಪ್ಕೋಬೇಡಿ, ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಆ ವರ್ಷನನ್ನ ಬಿಟ್ಟುಬಿಡೋ ಆಯ್ಕೆ ಇದೆ.

ಇನ್ನೊಂದು ವಿಷಯ, ನಿಮ್ಮ ರಿಸ್ಟೋರ್‌ನಲ್ಲಿ ಬೂಟ್ ಪಾರ್ಟಿಷನ್ ಯಾಕೆ ಬಿಟ್ಟುಹೋಯ್ತು ಅನ್ನೋದು. ಟೈಮ್‌ಶಿಫ್ಟ್ ಕಮಾಂಡ್ ಲೈನ್‌ನಲ್ಲಿ ರಿಸ್ಟೋರ್ ಶುರು ಮಾಡಿದಾಗ ರೂಟ್ ಎಲ್ಲಿಗೆ ಹಾಕ್ಲಿ, ಬೂಟ್ ಎಲ್ಲಿಗೆ, ಬೂಟ್ ಇಎಫ್‌ಐ ಎಲ್ಲಿಗೆ ಅಂತ ಒಂದೊಂದಾಗಿ ಕೇಳತ್ತೆ, ಅದರಲ್ಲಿ ರೂಟ್ ಜೊತೆಗೇ ಇರ್ಲಿ ಅನ್ನೋ ಆಯ್ಕೆಯೂ ಇರತ್ತೆ. ಗಾಬರಿಯಲ್ಲಿರುವಾಗ ಯಾರೂ ಓದಲ್ಲ, ಎಂಟರ್ ಎಂಟರ್ ಒತ್ತಿ ಮುಂದೆ ಹೋಗ್ತಾರೆ. ಬೂಟ್‌ಗೆ ರೂಟ್ ಡಿವೈಸನ್ನೇ ಒಪ್ಕೊಂಡ್ಬಿಟ್ರೆ ಹಳೇ ಕರ್ನಲ್ ಫೈಲ್‌ಗಳು ರೂಟ್ ಒಳಗಿರೋ ಬೂಟ್ ಅನ್ನೋ ಖಾಲಿ ಫೋಲ್ಡರ್‌ಗೆ ಹೋಗಿ ಕೂರತ್ತೆ, ನಿಜವಾದ ಬೂಟ್ ಪಾರ್ಟಿಷನ್ ಮುಟ್ಟದೆ ಉಳಿಯತ್ತೆ. ಆಮೇಲೆ ನೀವು ಬೂಟ್ ಮಾಡಿದಾಗ ಆ ಪಾರ್ಟಿಷನ್ ಅದೇ ಫೋಲ್ಡರ್ ಮೇಲೆ ಮೌಂಟ್ ಆಗಿ ಕೆಳಗಿರೋದನ್ನ ಮುಚ್ಚಿಬಿಡತ್ತೆ, ಚಾಪೆ ಹಾಸಿದ್ಮೇಲೆ ನೆಲ ಕಾಣಲ್ವಲ್ಲ ಹಾಗೆ. ಇದನ್ನ ಕಣ್ಣಾರೆ ನೋಡ್ಬೋದು, ಸುಡೋ ಯುಮೌಂಟ್ /ಬೂಟ್/ಇಎಫ್‌ಐ, ಆಮೇಲೆ ಸುಡೋ ಯುಮೌಂಟ್ /ಬೂಟ್, ಆಮೇಲೆ ಎಲ್‌ಎಸ್ /ಬೂಟ್. ಮೌಂಟ್ ತೆಗೆದ್ಮೇಲೂ ಅಲ್ಲಿ ಕರ್ನಲ್ ಫೈಲ್‌ಗಳು ಕಂಡ್ರೆ ನಿಮ್ಮ ಕಳೆದುಹೋದ ಸ್ನ್ಯಾಪ್‌ಶಾಟ್ ಕರ್ನಲ್ ಅದೇ. ಗ್ರಬ್ ಪಟ್ಟಿಯಲ್ಲಿ ಹಳೇ ಕರ್ನಲ್ ಇಲ್ದೇ ಇದ್ದೋರು ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೇ ಲಿನಕ್ಸ್ ಓಡಿಸೋ ಪೆನ್‌ಡ್ರೈವ್) ಈ ಫೈಲ್‌ಗಳನ್ನೇ ನಿಜವಾದ ಬೂಟ್ ಪಾರ್ಟಿಷನ್‌ಗೆ ಕಾಪಿ ಮಾಡಿ ಸಿಸ್ಟಮ್ ಎಬ್ಬಿಸ್ಬೋದು. ಮೌಂಟ್ -ಎ ಕೊಟ್ರೆ ಎಲ್ಲಾ ಮತ್ತೆ ಅದರ ಜಾಗಕ್ಕೆ ಕೂರತ್ತೆ.

ಈಗ ರಿಸ್ಟೋರನ್ನ ಮೊದಲಿಂದ ಸರಿಯಾಗಿ ಮಾಡೋದಾದ್ರೆ. ಎರಡನೇ ಸಲ ಬೇಗ ಮುಗಿಯತ್ತೆ, ಯಾಕಂದ್ರೆ ಆರ್‌ಸಿಂಕ್ ವ್ಯತ್ಯಾಸ ಇರೋ ಫೈಲ್‌ಗಳನ್ನ ಮಾತ್ರ ಬರೆಯತ್ತೆ. ರಿಕವರಿ ಮೋಡ್‌ನಿಂದ್ಲೇ ಮಾಡ್ಬೇಕು ಅಂದ್ರೆ ಹೊರಗಿನ ಡಿಸ್ಕನ್ನ ಮಷೀನ್ ಆನ್ ಮಾಡೋಕೆ ಮುಂಚೆನೇ ಸಿಕ್ಕಿಸಿ, ಆಮೇಲೆ ಗ್ರಬ್‌ನಲ್ಲಿ ಮಾಡ್ಯೂಲ್ ಇರೋ ಕರ್ನಲ್‌ನ ರಿಕವರಿ ಸಾಲನ್ನೇ ಆರಿಸಿ. ಇದು ಬಹಳ ಮುಖ್ಯ. ಮಾಡ್ಯೂಲ್ ಇಲ್ಲದ ಕರ್ನಲ್‌ನ ರಿಕವರಿಗೆ ಹೋದ್ರೆ ಯುಎಸ್‌ಬಿ ಸ್ಟೋರೇಜ್ ಮಾಡ್ಯೂಲೂ ಸಿಗದೆ ಹೊರಗಿನ ಡಿಸ್ಕೇ ಕಾಣ್ಸದೆ ಹೋಗ್ಬೋದು, ನೀವು ಕೇಬಲ್ ಬದಲಾಯಿಸ್ತಾ ಕೂರ್ತೀರ.

ರಿಕವರಿ ಮೆನುವಿನಲ್ಲಿ ರೂಟ್ ಆರಿಸಿ ಎಂಟರ್ ಒತ್ತಿದ್ಮೇಲೆ ಸಿಗೋ ಶೆಲ್‌ನಲ್ಲಿ ನಿಮ್ಮ ಸಿಸ್ಟಮ್ ಪೂರ್ತಿ ಎದ್ದಿರಲ್ಲ, ಅರ್ಧ ಎದ್ದಿರತ್ತೆ. ರೂಟ್ ಓದೋಕೆ ಮಾತ್ರ ಸಿಗತ್ತೆ, ಬರೆಯೋಕಾಗಲ್ಲ, ಉಳಿದ ಪಾರ್ಟಿಷನ್‌ಗಳು ಮೌಂಟ್ ಆಗಿದೆ ಅಂತ ನಂಬೋಕಾಗಲ್ಲ, ನೆಟ್‌ವರ್ಕ್ ಇರಲ್ಲ. ರೀಡ್ ಓನ್ಲಿ ಅಂತ ನಿಮಗೆ ಬಂದಿದ್ದು ಎರರ್ರೇ ಅಲ್ಲ, ರಿಕವರಿ ಮೋಡ್ ಇರೋದೇ ಹಾಗೆ. ಅಲ್ಲಿ ಮೌಂಟ್ -ಓ ರೀಮೌಂಟ್,ಆರ್‌ಡಬ್ಲ್ಯೂ / ಅಂತ ಕೊಡಿ, ಕಾಮಾ ಆದ್ಮೇಲೆ ಸ್ಪೇಸ್ ಬೇಡ, ಕೊನೇ ಸ್ಲ್ಯಾಶ್‌ಗೆ ಮುಂಚೆ ಸ್ಪೇಸ್ ಬೇಕು. ಆಮೇಲೆ ಮೌಂಟ್ -ಎ, ಈ ಎರಡನೇದನ್ನ ಬಹಳ ಜನ ಬಿಡ್ತಾರೆ, ಬೂಟ್ ಮತ್ತು ಇಎಫ್‌ಐ ಮೌಂಟ್ ಆಗೋದು ಇದರಿಂದ್ಲೇ. ರೀಮೌಂಟ್ ಆಗ್ತಿಲ್ಲ, ಬೈದು ವಾಪಸ್ ಕಳಿಸ್ತಿದೆ ಅಂದ್ರೆ ಮಾತ್ರ ಫೈಲ್‌ಸಿಸ್ಟಮ್‌ನಲ್ಲೇ ತೊಂದರೆ ಇದೆ ಅಂತರ್ಥ, ಆಗ ರಿಸ್ಟೋರ್ ಮುಂದುವರಿಸ್ಬೇಡಿ, ಲೈವ್ ಯುಎಸ್‌ಬಿಯಿಂದ ಆ ಪಾರ್ಟಿಷನ್ ಮೌಂಟ್ ಆಗದೇ ಇರುವಾಗ ಎಫ್‌ಎಸ್‌ಸಿಕೆ -ಎಫ್ ಓಡಿಸಿ, ಜೊತೆಗೆ ಸ್ಮಾರ್ಟ್‌ಸಿಟಿಎಲ್ -ಎ ಕೊಟ್ಟು ಡಿಸ್ಕ್ ಆರೋಗ್ಯ ನೋಡಿ, ಸಾಯ್ತಿರೋ ಡಿಸ್ಕ್ ಮೇಲೆ ಎಷ್ಟು ರಿಸ್ಟೋರ್ ಮಾಡಿದ್ರೂ ನಿಲ್ಲಲ್ಲ.

ಆಮೇಲೆ ಎಲ್‌ಎಸ್‌ಬಿಎಲ್‌ಕೆ -ಎಫ್ ಕೊಡಿ, ಇದು ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಸ್ಕ್ರೀನ್, ಒಂದು ಫೋಟೋ ತೆಗೆದಿಟ್ಕೊಳ್ಳಿ. ಎನ್‌ಕ್ರಿಪ್ಟ್ ಮಾಡಿದ ಮಿಂಟ್‌ನಲ್ಲಿ ಹೆಚ್ಚುಕಮ್ಮಿ ಹೀಗಿರತ್ತೆ: ಮೇಲೆ ಎನ್‌ವಿಎಂಇ0ಎನ್1 ಅಂತ ಪೂರ್ತಿ ಡಿಸ್ಕ್, ಅದರ ಕೆಳಗೆ ಕೊಂಬೆ ಥರ ಪಿ1 ವಿಫ್ಯಾಟ್, ಅದು ಇಎಫ್‌ಐ. ಪಿ2 ಇಎಕ್ಸ್‌ಟಿ4, ಅದು ಬೂಟ್. ಪಿ3 ಎದುರು ಕ್ರಿಪ್ಟೋ ಲಕ್ಸ್ ಅಂತಿರತ್ತೆ, ಅದರೊಳಗೆ ಇನ್ನೊಂದು ಕೊಂಬೆ, ಅಲ್ಲಿ ವಿಜಿಮಿಂಟ್-ರೂಟ್ ಮತ್ತು ವಿಜಿಮಿಂಟ್-ಸ್ವಾಪ್_1. ಇದೆಲ್ಲದರಿಂದ ಬೇರೆಯಾಗಿ ಎಸ್‌ಡಿಎ ಅಥವಾ ಎಸ್‌ಡಿಬಿ ಅಂತ ನಿಮ್ಮ ಯುಎಸ್‌ಬಿ ಡಿಸ್ಕ್. ಪ್ರತಿ ಸಾಲಿನ ಕೊನೇಲಿ ಮೌಂಟ್ ಪಾಯಿಂಟ್ ಕಾಲಮ್ ಇದೆ, ಪಿ1 ಎದುರಿಗೆ /ಬೂಟ್/ಇಎಫ್‌ಐ, ಪಿ2 ಎದುರಿಗೆ /ಬೂಟ್ ಅಂತ ಬಂದಿರ್ಲೇಬೇಕು, ಖಾಲಿ ಇದ್ರೆ ಮುಂದೆ ಹೋಗ್ಬೇಡಿ.

ಸ್ನ್ಯಾಪ್‌ಶಾಟ್ ಇಲ್ಲ ಅಂತ ಯಾಕಂತು ಅಂದ್ರೆ, ಟೈಮ್‌ಶಿಫ್ಟ್ ತನ್ನ ಡಿಸ್ಕನ್ನ ಯುಯುಐಡಿ ಅನ್ನೋ ವಿಶಿಷ್ಟ ಗುರುತಿನ ಮೂಲಕ ನೆನಪಿಟ್ಕೊಂಡಿರತ್ತೆ, ಆ ಡಿಸ್ಕ್ ಆ ಕ್ಷಣಕ್ಕೆ ಎದ್ದಿಲ್ಲ ಅಂದ್ರೆ ಬೇರೆ ಯಾವುದನ್ನೋ ನೋಡಿ ಇಲ್ಲಿ ಏನೂ ಇಲ್ಲ ಅನ್ನತ್ತೆ. ಯುಎಸ್‌ಬಿ ಹಾರ್ಡ್‌ಡಿಸ್ಕ್ ತಿರುಗಿ ರೆಡಿ ಆಗೋಕೆ ಕೆಲವು ಸೆಕೆಂಡ್ ಬೇಕು, ನೀವು ಕಿತ್ತು ಹಾಕಿದ್ಮೇಲೆ ಸಿಕ್ಕಿದ್ದು ನೋಡಿದ್ರೆ ನಿಮ್ಮದೂ ಬಹುಶಃ ಅದೇ. ಸಿಗ್ಲಿಲ್ಲ ಅಂದ್ರೆ ಎಲ್ಲಿ ನೋಡ್ಬೇಕು ಅಂತ ನೀವೇ ಹೇಳ್ಬೋದು: ಟೈಮ್‌ಶಿಫ್ಟ್ --ಲಿಸ್ಟ್ --ಸ್ನ್ಯಾಪ್‌ಶಾಟ್-ಡಿವೈಸ್ /ಡೆವ್/ಎಸ್‌ಡಿಎ1. ಎಸ್‌ಡಿಎ ಎಸ್‌ಡಿಬಿ ಹೆಸರುಗಳು ಬೂಟ್‌ನಿಂದ ಬೂಟ್‌ಗೆ ಅದಲುಬದಲಾಗ್ಬೋದು, ಹೋದ ವಾರ ಎಸ್‌ಡಿಬಿ ಇತ್ತು ಅಂತ ಇವತ್ತೂ ಅದನ್ನೇ ಟೈಪ್ ಮಾಡ್ಬೇಡಿ, ಈಗ ತೆಗೆದ ಫೋಟೋ ನೋಡಿ ಟೈಪ್ ಮಾಡಿ. ಅಷ್ಟಾದ್ರೂ ಸಂಶಯ ಇದ್ರೆ ಡಿಸ್ಕನ್ನ ಕೈಯಾರೆ /ಎಂಎನ್‌ಟಿ ಮೇಲೆ ಮೌಂಟ್ ಮಾಡಿ ಅದರೊಳಗೆ ಟೈಮ್‌ಶಿಫ್ಟ್, ಅದರೊಳಗೆ ಸ್ನ್ಯಾಪ್‌ಶಾಟ್ಸ್ ಅನ್ನೋ ಫೋಲ್ಡರ್ ನೋಡಿ, ತಾರೀಖು ಮತ್ತು ಸಮಯದ ಹೆಸರಿನ ಫೋಲ್ಡರ್‌ಗಳು ಸಾಲಾಗಿರತ್ತೆ, ಒಂದರೊಳಗೆ ಹೋದ್ರೆ ಲೋಕಲ್‌ಹೋಸ್ಟ್ ಅನ್ನೋ ಫೋಲ್ಡರ್, ಅದರೊಳಗೆ ಇಟಿಸಿ, ಯುಎಸ್‌ಆರ್, ವಾರ್ ಎಲ್ಲಾ ಮಾಮೂಲಿ ಫೈಲ್‌ಗಳ ಹಾಗೇ ಕಾಣತ್ತೆ. ಅಲ್ಲಿ ಕಂಡಿತು ಅಂದ್ರೆ ಸ್ನ್ಯಾಪ್‌ಶಾಟ್ ಇದೆ ಅಂತಲೇ ಅರ್ಥ, ಟೈಮ್‌ಶಿಫ್ಟ್ ಏನೇ ಹೇಳ್ಲಿ. ನೋಡೋಕೆ ಮಾತ್ರ ಹೋಗಿ, ಅಲ್ಲಿ ಏನನ್ನೂ ಎಡಿಟ್ ಮಾಡ್ಬೇಡಿ, ಬದಲಾಗದ ಫೈಲ್‌ಗಳನ್ನ ಸ್ನ್ಯಾಪ್‌ಶಾಟ್‌ಗಳು ಹಾರ್ಡ್‌ಲಿಂಕ್ ಮೂಲಕ ಹಂಚ್ಕೊಂಡಿರತ್ತೆ, ಒಂದರಲ್ಲಿ ತಿದ್ದಿದ್ರೆ ಉಳಿದವುಗಳಲ್ಲೂ ತಿದ್ದಿದ ಹಾಗೆ.

ಪಟ್ಟಿ ಬಂದ್ಮೇಲೆ ತಾರೀಖಿನ ಪಕ್ಕ ಟ್ಯಾಗ್ ಕಾಲಮ್‌ನಲ್ಲಿ ಒಂದೊಂದು ದೊಡ್ಡಕ್ಷರ ಇರತ್ತೆ, ಓ ಅಂದ್ರೆ ನೀವೇ ಕೈಯಾರೆ ತೆಗೆದಿದ್ದು, ಡಿ ದಿನದ್ದು, ಡಬ್ಲ್ಯೂ ವಾರದ್ದು, ಬಿ ಬೂಟ್ ಆದಾಗಿಂದು. ಬಿ ಇರೋದನ್ನ ಆರಿಸುವಾಗ ಸಮಯ ನೋಡಿ, ಕೆಟ್ಟ ಅಪ್‌ಡೇಟ್ ಆದ್ಮೇಲಿನ ಬೂಟ್‌ದೇ ಆಗಿದ್ರೆ ಅದೇ ರೋಗ ವಾಪಸ್ ಬರತ್ತೆ. ಈಗ ಟೈಮ್‌ಶಿಫ್ಟ್ --ರಿಸ್ಟೋರ್ ಕೊಟ್ಟು ನಂಬರ್ ಆರಿಸಿ, ಅದು ಕೇಳೋ ಪ್ರತಿಯೊಂದಕ್ಕೂ ಫೋಟೋ ನೋಡ್ಕೊಂಡು ಉತ್ತರ ಕೊಡಿ: ರೂಟ್‌ಗೆ ವಿಜಿಮಿಂಟ್-ರೂಟ್, ಬೂಟ್‌ಗೆ ಪಿ2, ಇಎಫ್‌ಐಗೆ ಪಿ1. ಗ್ರಬ್ ಮತ್ತೆ ಹಾಕ್ಲಾ ಅಂದ್ರೆ ಹೂಂ ಅನ್ನಿ, ಯಾವ ಡಿವೈಸ್ ಅಂದ್ರೆ ಪಾರ್ಟಿಷನ್ ಅಲ್ಲ, ಪೂರ್ತಿ ಡಿಸ್ಕ್. ಕೊನೇಲಿ ಯಾವ್ಯಾವ ಡಿಸ್ಕ್ ಮೇಲೆ ಬರೀತೀನಿ ಅಂತ ಒಂದು ಎಚ್ಚರಿಕೆ ತೋರಿಸತ್ತೆ, ಆ ಪಟ್ಟಿಯಲ್ಲಿ ಬೂಟ್ ಪಾರ್ಟಿಷನ್ ಹೆಸರು ಇಲ್ಲ ಅಂದ್ರೆ ಅಲ್ಲೇ ನಿಲ್ಲಿಸಿ. ಮುಗಿದ್ಮೇಲೆ ಅದೇ ರೀಬೂಟ್ ಮಾಡತ್ತೆ. ರಿಕವರಿ ಮೆನುವಿಗೆ ವಾಪಸ್ ಹೋಗಿ ರೆಸ್ಯೂಮ್ ಒತ್ತಿ ಡೆಸ್ಕ್‌ಟಾಪ್ ನೋಡೋಕೆ ಹೋಗ್ಬೇಡಿ, ರಿಕವರಿಯಲ್ಲಿ ಗ್ರಾಫಿಕ್ಸ್ ಡ್ರೈವರನ್ನ ಪೂರ್ತಿ ಬಳಸದಂತೆ ಮಾಡೋ ನೋಮೋಡ್‌ಸೆಟ್ ಅನ್ನೋ ಆಯ್ಕೆ ಇರೋದ್ರಿಂದ ಸ್ಕ್ರೀನ್ ವಿಚಿತ್ರವಾಗಿ ಕಂಡು ರಿಸ್ಟೋರ್ ಸರಿ ಆಗಿಲ್ಲ ಅನ್ಕೋತೀರ.

ಇಷ್ಟೆಲ್ಲ ಹೇಳಿದ್ರೂ, ಕೈಯಲ್ಲಿ ಲೈವ್ ಯುಎಸ್‌ಬಿ ಇದ್ರೆ ನಾನು ರಿಕವರಿ ಮೋಡ್ ಮುಟ್ಟೋದೇ ಇಲ್ಲ. ಕಾರಣ ಸರಳ, ರಿಕವರಿಯಲ್ಲಿ ನೀವು ಕೂತಿರೋ ಕೊಂಬೆಯನ್ನೇ ಬದಲಾಯಿಸ್ತಿರ್ತೀರ, ಓಡ್ತಿರೋ ಸಿಸ್ಟಮ್‌ನ ಲೈಬ್ರರಿಗಳು ಓಡ್ತಿರುವಾಗ್ಲೇ ಹಳೇದಾಗ್ತಾ ಹೋಗತ್ತೆ, ಸಾಮಾನ್ಯವಾಗಿ ದಕ್ಕತ್ತೆ, ದಕ್ಕದೇ ಇದ್ರೆ ಮಧ್ಯದಲ್ಲಿ ನಿಂತು ಎಲ್‌ಎಸ್ ಕೂಡ ಓಡಲ್ಲ. ಮಿಂಟ್‌ನ ಇನ್‌ಸ್ಟಾಲ್ ಮಾಡೋ ಯುಎಸ್‌ಬಿಯಲ್ಲೇ ಟೈಮ್‌ಶಿಫ್ಟ್ ಇದೆ, ಬೂಟ್ ಮಾಡಿ ಮೆನುವಿನಿಂದ ತೆಗೆದು ಸ್ನ್ಯಾಪ್‌ಶಾಟ್ ಇರೋ ಡಿಸ್ಕ್ ತೋರಿಸಿದ್ರೆ ಪಟ್ಟಿ ಬರತ್ತೆ, ಯಾವುದು ಎಲ್ಲಿಗೆ ಅನ್ನೋದನ್ನೂ ಮೌಸ್‌ನಲ್ಲೇ ಆರಿಸ್ಬೋದು.

ಎನ್‌ಕ್ರಿಪ್ಟ್ ಆದ ಡಿಸ್ಕ್‌ಗೆ ಲೈವ್‌ನಲ್ಲಿ ಒಂದು ಎಚ್ಚರ ಬೇಕು. ಫೈಲ್ ಮ್ಯಾನೇಜರ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ಬೀಗ ತೆಗೆದ್ರೆ ಅದು ಲಕ್ಸ್ ಅಂತ ಉದ್ದನೇ ಹೆಸರಿನಲ್ಲಿ ತೆರೆಯತ್ತೆ, ಆದ್ರೆ ನಿಮ್ಮ ಸಿಸ್ಟಮ್‌ನ ಕ್ರಿಪ್ಟ್‌ಟ್ಯಾಬ್ ಫೈಲ್‌ನಲ್ಲಿ (ಎನ್‌ಕ್ರಿಪ್ಟ್ ಆದ ಡಿಸ್ಕ್‌ಗಳ ಪಟ್ಟಿ) ಬೇರೆ ಹೆಸರಿರತ್ತೆ, ಸಾಮಾನ್ಯವಾಗಿ ಪಾರ್ಟಿಷನ್ ಹೆಸರಿನ ಕೊನೇಲಿ ಅಂಡರ್‌ಸ್ಕೋರ್ ಕ್ರಿಪ್ಟ್ ಅಂತ. ಹೆಸರು ಹೊಂದ್ಲಿಲ್ಲ ಅಂದ್ರೆ ಆಮೇಲೆ ಇನಿಟ್‌ರಾಮ್‌ಎಫ್‌ಎಸ್ ಕಟ್ಟುವಾಗ ಬೀಗ ತೆಗೆಯೋ ವಿವರ ಅದರೊಳಗೆ ಸೇರದೇ ಹೋಗಿ ಮುಂದಿನ ಬೂಟ್‌ನಲ್ಲಿ ಪಾಸ್‌ವರ್ಡೇ ಕೇಳದ ಸ್ಥಿತಿ ಬರ್ಬೋದು. ಹಾಗಾಗಿ ಟರ್ಮಿನಲ್‌ನಲ್ಲೇ ಸುಡೋ ಕ್ರಿಪ್ಟ್‌ಸೆಟಪ್ ಓಪನ್ /ಡೆವ್/ಎನ್‌ವಿಎಂಇ0ಎನ್1ಪಿ3 ಎನ್‌ವಿಎಂಇ0ಎನ್1ಪಿ3_ಕ್ರಿಪ್ಟ್ ಅಂತ ತೆರೆಯಿರಿ, ಆಮೇಲೆ ಸುಡೋ ವಿಜಿಚೇಂಜ್ -ಎವೈ ಕೊಟ್ರೆ ವಿಜಿಮಿಂಟ್-ರೂಟ್ ಕಾಣ್ಸತ್ತೆ. ರಿಸ್ಟೋರ್ ಆದ್ಮೇಲೂ ಬೂಟ್ ಆಗ್ಲಿಲ್ಲ ಅಂದ್ರೆ ಅದೇ ಲೈವ್‌ನಿಂದ ರೂಟನ್ನ /ಎಂಎನ್‌ಟಿ ಮೇಲೆ, ಪಿ2ನ್ನ /ಎಂಎನ್‌ಟಿ/ಬೂಟ್ ಮೇಲೆ, ಪಿ1ನ್ನ /ಎಂಎನ್‌ಟಿ/ಬೂಟ್/ಇಎಫ್‌ಐ ಮೇಲೆ, ಈ ಕ್ರಮದಲ್ಲೇ ಮೌಂಟ್ ಮಾಡಿ. ಡೆವ್, ಪ್ರೋಕ್, ಸಿಸ್, ರನ್ ನಾಲ್ಕನ್ನೂ ಮೌಂಟ್ --ಆರ್‌ಬೈಂಡ್ ಮಾಡಿ, ಸಿಎಚ್‌ರೂಟ್ /ಎಂಎನ್‌ಟಿ ಕೊಟ್ಟು ಒಳಗೆ ಹೋಗಿ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್, ಆಮೇಲೆ ಗ್ರಬ್-ಇನ್‌ಸ್ಟಾಲ್, ಆಮೇಲೆ ಅಪ್‌ಡೇಟ್-ಗ್ರಬ್. ಸಿಎಚ್‌ರೂಟ್ ಒಳಗೆ ಕೊಟ್ಟ ಕಮಾಂಡೆಲ್ಲ ನಿಮ್ಮ ನಿಜವಾದ ಸಿಸ್ಟಮ್‌ಗೇ ಅನ್ವಯ ಆಗತ್ತೆ.

ಹೋಮ್ ಫೋಲ್ಡರ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಮತ್ತೆ ರಿಸ್ಟೋರ್ ಒತ್ತೋ ಮೊದ್ಲು ಇದನ್ನ ಓದಿ. ಟೈಮ್‌ಶಿಫ್ಟ್ ತಾನಾಗೇ ಹೋಮ್‌ನಲ್ಲಿರೋ ನಿಮ್ಮ ಫೈಲ್‌ಗಳನ್ನ ಸ್ನ್ಯಾಪ್‌ಶಾಟ್‌ಗೆ ಸೇರಿಸಲ್ಲ, ರಿಸ್ಟೋರ್‌ನಲ್ಲೂ ಮುಟ್ಟಲ್ಲ. ಆದ್ರೆ ಸೆಟ್ಟಿಂಗ್‌ನಲ್ಲಿ ನೀವೇ ಯಾವತ್ತೋ ಹೋಮ್‌ನ ಎಲ್ಲಾ ಫೈಲ್ ಸೇರಿಸು ಅಂತ ಟಿಕ್ ಹಾಕಿದ್ರೆ ಕಥೆ ಬೇರೆ, ರಿಸ್ಟೋರ್ ಅನ್ನೋದು ಸ್ನ್ಯಾಪ್‌ಶಾಟ್‌ನಲ್ಲಿ ಇಲ್ಲದ್ದನ್ನ ಅಳಿಸತ್ತೆ ಕೂಡ, ಅಂದ್ರೆ ಸ್ನ್ಯಾಪ್‌ಶಾಟ್ ಆದ್ಮೇಲೆ ನೀವು ಹೋಮ್‌ನಲ್ಲಿ ಮಾಡಿದ ಡಾಕ್ಯುಮೆಂಟ್, ಇಳಿಸ್ಕೊಂಡ ಫೋಟೋ ಎಲ್ಲಾ ಹೋಗತ್ತೆ. ಸ್ನೇಹಿತರೊಬ್ಬರ ಒಂದು ವಾರದ ಬರವಣಿಗೆ ಹೀಗೇ ಹೋಯ್ತು, ಪಕ್ಕದಲ್ಲಿ ಕೂತಿದ್ದ ನಾನೂ ಆ ಟಿಕ್ ನೋಡಿರ್ಲಿಲ್ಲ, ಆವತ್ತಿಂದ ಯಾರಿಗೇ ಆಗ್ಲಿ ಮೊದ್ಲು ಹೋಮ್ ಕಾಪಿ ಮಾಡ್ಕೊಳ್ಳಿ ಅಂತ ಹೇಳದೆ ರಿಸ್ಟೋರ್ ಮಾಡಿಸಲ್ಲ. ನಿಮ್ಮದು ಈಗಾಗ್ಲೇ ಒಂದ್ಸಲ ಆಗಿರೋದ್ರಿಂದ ಲೈವ್‌ನಲ್ಲಿ ಹೋಗಿ ಹೋಮ್ ಹೇಗಿದೆ ಅಂತ ನೋಡಿ, ಇರೋದನ್ನ ಇನ್ನೊಂದು ಡಿಸ್ಕ್‌ಗೆ ಹಾಕಿಟ್ಟೇ ಮುಂದಿನ ಹೆಜ್ಜೆ ಇಡಿ. ಅದೇ ರೀತಿ ವಾರ್ ಫೋಲ್ಡರ್ ಒಳಗಿರೋ ಡೇಟಾಬೇಸ್, ವೆಬ್‌ಸೈಟ್ ಫೈಲ್‌ಗಳು ರೂಟ್‌ನ ಭಾಗ, ಅವು ಸಿಸ್ಟಮ್ ಜೊತೆ ಹಿಂದಕ್ಕೆ ಹೋಗತ್ತೆ.

ನಿಮ್ಮ ಮೂಲ ತೊಂದರೆ, ಆ ಕಪ್ಪು ಸ್ಕ್ರೀನ್, ಅದಕ್ಕೆ ರಿಸ್ಟೋರೇ ಬೇಕಿರ್ಲಿಲ್ಲ ಅಂತಲೂ ನನಗನ್ಸತ್ತೆ. ಲಾಗಿನ್ ಜಾಗದಲ್ಲಿ ಕಪ್ಪಾಗಿದೆ ಅಂದ್ರೆ ಬಹಳಷ್ಟು ಸಲ ಗ್ರಾಫಿಕ್ಸ್ ಮಾತ್ರ ಬಿದ್ದಿರತ್ತೆ, ಹಿಂದೆ ಸಿಸ್ಟಮ್ ಪೂರ್ತಿ ಎದ್ದಿರತ್ತೆ. ಕಂಟ್ರೋಲ್ ಆಲ್ಟ್ ಎಫ್2 ಒತ್ತಿ, ಲಾಗಿನ್ ಅಂತ ಅಕ್ಷರದಲ್ಲಿ ಬಂದ್ರೆ ನಿಮ್ಮ ಹೆಸರು ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗ್ಬೋದು, ಅಲ್ಲಿ ಎಲ್ಲಾ ಪಾರ್ಟಿಷನ್ ಮೌಂಟ್ ಆಗಿರತ್ತೆ, ನೆಟ್‌ವರ್ಕೂ ಇರ್ಬೋದು, ಸುಡೋ ಟೈಮ್‌ಶಿಫ್ಟ್ --ರಿಸ್ಟೋರ್ ಅಲ್ಲಿಂದ ಕೊಡೋದು ರಿಕವರಿಗಿಂತ ಎಷ್ಟೋ ವಾಸಿ. ಅದೂ ಬರ್ಲಿಲ್ಲ ಅಂದ್ರೆ ಗ್ರಬ್‌ನಲ್ಲಿ ಮೊದಲ ಸಾಲಿನ ಮೇಲೆ ನಿಂತು ಇ ಒತ್ತಿ, ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೇಲಿ ಕ್ವಯಟ್ ಸ್ಪ್ಲ್ಯಾಶ್ ಅಂತಿರೋದನ್ನ ತೆಗೆದು ನೋಮೋಡ್‌ಸೆಟ್ ಅಂತ ಬರೆದು ಎಫ್10 ಒತ್ತಿ, ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ. ಡೆಸ್ಕ್‌ಟಾಪ್ ಬಂದ್ರೆ ತಪ್ಪು ಗ್ರಾಫಿಕ್ಸ್ ಡ್ರೈವರ್‌ದು, ಎನ್‌ವಿಡಿಯಾ ಇರೋರು ಡ್ರೈವರ್ ಮ್ಯಾನೇಜರ್‌ನಲ್ಲಿ ಇನ್ನೊಂದು ವರ್ಷನ್ ಹಾಕಿ ನೋಡಿ. ಇದ್ಯಾವುದೂ ಆಗದೇ ಇದ್ದಾಗ ಹಿಂದಿನ ಕರ್ನಲ್, ಅದೂ ಆಗದೇ ಇದ್ದಾಗ ರಿಸ್ಟೋರ್.

ಆರ್‌ಸಿಂಕ್ ಬದಲು ಬಿಟಿಆರ್‌ಎಫ್‌ಎಸ್ (ಬೇರೆ ಥರದ ಫೈಲ್‌ಸಿಸ್ಟಮ್) ಮೋಡ್ ಬಳಸೋರಿಗೂ ಒಂದು ಮಾತು, ಅಲ್ಲಿ ಸ್ನ್ಯಾಪ್‌ಶಾಟ್ ಅದೇ ಡಿಸ್ಕ್‌ನೊಳಗೆ ಸಬ್‌ವಾಲ್ಯೂಮ್ ಆಗಿರತ್ತೆ, ರಿಸ್ಟೋರ್ ಕ್ಷಣದಲ್ಲಿ ಮುಗಿಯತ್ತೆ, ಆದ್ರೆ ಬೂಟ್ ಬೇರೆ ಇಎಕ್ಸ್‌ಟಿ4 ಪಾರ್ಟಿಷನ್ ಆಗಿದ್ರೆ ಅದು ಸ್ನ್ಯಾಪ್‌ಶಾಟ್‌ನಲ್ಲಿ ಸೇರೇ ಇರಲ್ಲ, ಹಾಗಾಗಿ ನಿಮಗಾದ ಕರ್ನಲ್ ಮತ್ತು ಮಾಡ್ಯೂಲ್ ಹೊಂದದ ತೊಂದರೆ ಅಲ್ಲಿ ಇನ್ನೂ ಸುಲಭವಾಗಿ ಆಗತ್ತೆ, ಪರಿಹಾರ ಮಾತ್ರ ಇದೇ, ಗ್ರಬ್‌ನಿಂದ ಹಳೇ ಕರ್ನಲ್.

ಮೊದ್ಲು ಅಡ್ವಾನ್ಸ್ಡ್ ಆಪ್ಷನ್ಸ್‌ನಿಂದ ಹಳೇ ಕರ್ನಲ್ ಪ್ರಯತ್ನಿಸಿ. ಆಗ್ಲಿಲ್ಲ ಅಂದ್ರೆ ಯುನೇಮ್ -ಆರ್, ಎಲ್‌ಎಸ್ /ಲಿಬ್/ಮಾಡ್ಯೂಲ್ಸ್ ಮತ್ತು ಎಲ್‌ಎಸ್‌ಬಿಎಲ್‌ಕೆ -ಎಫ್ ಮೂರರ ಫೋಟೋ, ಜೊತೆಗೆ /ವಾರ್/ಲಾಗ್/ಟೈಮ್‌ಶಿಫ್ಟ್ ಒಳಗಿರೋ ಕೊನೇ ರಿಸ್ಟೋರ್ ಲಾಗ್ ಕಳಿಸಿ, ಯಾವ ಪಾರ್ಟಿಷನ್ ತಪ್ಪಿದೆ ಅಂತ ನೋಡಿ ಹೇಳ್ತೀನಿ.